ಎಕ್ಸೆಲ್ ಮ್ಯಾಕ್ರೋದಲ್ಲಿ ನೇಮ್ಡ್ ರೇಂಜ್: ಸೆಲ್ ವಿಳಾಸ ಬಿಟ್ಟು ಹೆಸರಿನಿಂದ ಕೋಡ್ ಬರೆಯುವುದು ಹೇಗೆ

ಎಕ್ಸೆಲ್ ಶೀಟ್‌ನಲ್ಲಿ ನಡುವೆ ಒಂದು ಸಾಲು ಸೇರಿಸಿದರೆ ಫಾರ್ಮುಲಾಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಬಿ4 ಎಂದಿದ್ದದ್ದು ಬಿ5 ಆಗುತ್ತದೆ. ಮ್ಯಾಕ್ರೋ ಕೋಡ್ (ಎಕ್ಸೆಲ್‌ನಿಂದ ತಾನಾಗಿ ಕೆಲಸ ಮಾಡಿಸಲು ಬರೆಯುವ ಪ್ರೋಗ್ರಾಂ) ಹಾಗಲ್ಲ. ಅಲ್ಲಿ ರೇಂಜ್("ಬಿ4") ಎಂದು ಬರೆದರೆ ಕೋಟ್ಸ್ ಒಳಗಿರುವುದು ಬರೀ ಅಕ್ಷರ. ಶೀಟ್‌ನಲ್ಲಿ ಏನೇ ಬದಲಾದರೂ ಆ ಅಕ್ಷರ ಬದಲಾಗುವುದಿಲ್ಲ.

ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ ಫೈಲ್ ಇದೆ ಅಂದುಕೊಳ್ಳಿ. ಸೆಟ್ಟಿಂಗ್ ಶೀಟ್‌ನ ಬಿ4ರಲ್ಲಿ ಸಿಮೆಂಟ್‌ನ ಜಿಎಸ್‌ಟಿ ದರ ಇದೆ. ಮ್ಯಾಕ್ರೋ ಅದನ್ನು ಓದಿ ಬಿಲ್‌ಗೆ ತೆರಿಗೆ ಹಾಕುತ್ತದೆ. ಲೆಕ್ಕ ನೋಡುವವರು ಒಂದು ದಿನ ಅಂಗಡಿಯ ಫೋನ್ ನಂಬರ್ ಹಾಕಬೇಕು ಅಂತ ದರದ ಮೇಲೆ ಒಂದು ಖಾಲಿ ಸಾಲು ಸೇರಿಸಿ ನಾಲ್ಕನೇ ಸಾಲಿನಲ್ಲಿ ಜಾಗ ಮಾಡುತ್ತಾರೆ. ದರ ಬಿ5ಕ್ಕೆ ಇಳಿಯುತ್ತದೆ. ಮ್ಯಾಕ್ರೋ ಇನ್ನೂ ಬಿ4ನ್ನೇ ಓದುತ್ತಿದೆ. ಅಲ್ಲಿ ಇನ್ನೂ ಏನೂ ಬರೆದಿಲ್ಲ. ಖಾಲಿ ಸೆಲ್ಲನ್ನು ಗುಣಿಸಿದರೆ ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಅದನ್ನು ಸೊನ್ನೆ ಅಂತಲೇ ತೆಗೆದುಕೊಳ್ಳುತ್ತದೆ. ಎರರ್ ಬರುವುದಿಲ್ಲ, ಕೆಂಪು ಗುರುತು ಬರುವುದಿಲ್ಲ. ತೆರಿಗೆ ಇಲ್ಲದ ಬಿಲ್ ಪ್ರಿಂಟ್ ಆಗಿ ಗಿರಾಕಿಯ ಕೈಗೆ ಹೋಗುತ್ತದೆ. ಎರರ್ ಕೊಟ್ಟು ನಿಲ್ಲುವ ಮ್ಯಾಕ್ರೋಗಿಂತ ಹೀಗೆ ಸುಮ್ನೆ ತಪ್ಪು ಲೆಕ್ಕ ಕೊಡುವ ಮ್ಯಾಕ್ರೋ ಎಷ್ಟೋ ಅಪಾಯ.

ಇದಕ್ಕೆ ಪರಿಹಾರ ಎಕ್ಸೆಲ್ ಒಳಗೇ ಇದೆ. ಆ ಸೆಲ್‌ಗೆ ಒಂದು ಹೆಸರು ಕೊಡಿ, ಕೋಡ್‌ನಲ್ಲಿ ಆ ಹೆಸರನ್ನೇ ಬರೆಯಿರಿ. ಹೀಗೆ ಹೆಸರಿಟ್ಟ ಸೆಲ್ ಅಥವಾ ಸೆಲ್‌ಗಳ ಗುಂಪೇ ನೇಮ್ಡ್ ರೇಂಜ್. ಸೆಲ್ ಎಲ್ಲಿಗೆ ಸರಿದರೂ ಹೆಸರು ಅದರ ಜೊತೆ ಹೋಗುತ್ತದೆ. ಶೀಟ್ ಹೇಗಿರಬೇಕು ಅನ್ನುವುದು ಅದನ್ನು ದಿನವೂ ಬಳಸುವವರಿಗೆ ಬಿಟ್ಟದ್ದು. ಅವರು ಒಂದು ಸಾಲು ಸೇರಿಸಿದರೆ ಕೋಡ್ ಮುರಿಯಬಾರದು. ಈ ಬರಹದಲ್ಲಿ ಹೇಳುವ ಪ್ರತಿ ಹಂತವೂ ಅದಕ್ಕಾಗಿಯೇ.

## ಶುರು ಮಾಡುವ ಮೊದಲು

ಫೈಲನ್ನು ಮ್ಯಾಕ್ರೋ ಇರುವ ವರ್ಕ್‌ಬುಕ್ ಆಗಿ, ಅಂದರೆ ಎಕ್ಸ್‌ಎಲ್‌ಎಸ್‌ಎಂ ರೂಪದಲ್ಲಿ ಉಳಿಸಿ. ಆಲ್ಟ್ + ಎಫ್11 ಒತ್ತಿದರೆ ಕೋಡ್ ಎಡಿಟರ್ ತೆರೆಯುತ್ತದೆ. ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ (ಕೋಡ್ ಬರೆಯುವ ಹಾಳೆ) ಆರಿಸಿ. ಮೊದಲ ಸಾಲಿನಲ್ಲೇ ಆಪ್ಷನ್ ಎಕ್ಸ್‌ಪ್ಲಿಸಿಟ್ ಇರಲಿ. ಮೊದಲೇ ಘೋಷಿಸದ ಹೆಸರು ಕೋಡ್‌ನಲ್ಲಿ ಬಂದರೆ ಅದು ಹಿಡಿಯುತ್ತದೆ.

ಕೋಡ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಎಲ್ಲವನ್ನೂ, ಹೆಸರುಗಳನ್ನೂ ಸೇರಿಸಿ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇದಕ್ಕೆ ಕಾರಣವೂ ಇದೆ. ವಿಬಿಎ ಎಡಿಟರ್‌ಗೆ ಯೂನಿಕೋಡ್ ಬರುವುದಿಲ್ಲ. ಅಲ್ಲಿ ಕನ್ನಡ ಅಂಟಿಸಿದರೆ ಸಾಲು ಪ್ರಶ್ನೆ ಗುರುತುಗಳಾಗಿ ನಿಲ್ಲುತ್ತದೆ. ಆದ್ದರಿಂದ ರೇಂಜ್‌ಗೆ ಇಡುವ ಹೆಸರಿನ ಮಾತು ಕನ್ನಡದ್ದಿದ್ದರೂ ಅಕ್ಷರ ಇಂಗ್ಲಿಷ್‌ನದ್ದಿರಲಿ. ಸ್ಪೆಲಿಂಗ್ ಒಂದನ್ನು ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬಳಸಿ.

## ಹಂತ 1: ಹೆಸರು ಇಡುವುದು

ದರ ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ. ಫಾರ್ಮುಲಾ ಬಾರ್‌ನ ಎಡಗಡೆ ಸೆಲ್ ವಿಳಾಸ ತೋರಿಸುವ ಚಿಕ್ಕ ಪೆಟ್ಟಿಗೆ ಇದೆಯಲ್ಲ, ಅದೇ ನೇಮ್ ಬಾಕ್ಸ್. ಅದರೊಳಗೆ ಕ್ಲಿಕ್ ಮಾಡಿ ಸಿಮೆಂಟ್_ದರ ಎಂದು ಬರೆದು ಎಂಟರ್ ಒತ್ತಿ. ಎಂಟರ್ ಒತ್ತದೆ ಬೇರೆ ಕಡೆ ಕ್ಲಿಕ್ ಮಾಡಿದರೆ ಹೆಸರು ಉಳಿಯುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಇನ್ನೊಂದು ವಿಷಯ. ಆಗಲೇ ಇರುವ ಹೆಸರನ್ನು ನೇಮ್ ಬಾಕ್ಸ್‌ನಲ್ಲಿ ಮತ್ತೆ ಬರೆದರೆ ಅದು ಹೊಸ ಜಾಗಕ್ಕೆ ಬರುವುದಿಲ್ಲ, ಹಳೆಯ ಜಾಗಕ್ಕೆ ನಿಮ್ಮನ್ನೇ ಕರೆದೊಯ್ಯುತ್ತದೆ. ಜಾಗ ಬದಲಿಸಬೇಕಾದರೆ ಕಂಟ್ರೋಲ್ + ಎಫ್3 ಒತ್ತಿ ನೇಮ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಎಲ್ಲ ಹೆಸರುಗಳೂ, ಅವು ಎಲ್ಲಿಗೆ ತೋರಿಸುತ್ತವೆ ಅನ್ನುವುದೂ ಪಟ್ಟಿಯಾಗಿ ಸಿಗುತ್ತವೆ.

ನಿಯಮಗಳು ಸರಳ. ಹೆಸರು ಅಕ್ಷರದಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು. ನಡುವೆ ಜಾಗ ಬಿಡುವಂತಿಲ್ಲ. 255 ಅಕ್ಷರದವರೆಗೆ ಇರಬಹುದು. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಹೆಸರು ಸೆಲ್ ವಿಳಾಸದ ಹಾಗೆ ಕಾಣಬಾರದು.

ಈ ಕೊನೆಯ ನಿಯಮದ ಹತ್ತಿರ ಸ್ವಲ್ಪ ನಿಲ್ಲಬೇಕು. ಎಕ್ಸೆಲ್ 2007ರಿಂದ ಶೀಟ್‌ನಲ್ಲಿ 16,384 ಕಾಲಂ ಇವೆ. ಕೊನೆಯದು ಎಕ್ಸ್‌ಎಫ್‌ಡಿ. ಅಂದರೆ ಮೂರಕ್ಷರದ ಸುಮಾರು ಪದಗಳು ಕಾಲಂ ಹೆಸರುಗಳೇ. ಜಿಎಸ್‌ಟಿ18 ಎಂದು ಹೆಸರಿಡಲು ನೋಡಿ. ಎಕ್ಸೆಲ್ ಅದನ್ನು ಹೆಸರಾಗಿ ತೆಗೆದುಕೊಳ್ಳುವುದಿಲ್ಲ, ಬಲಗಡೆ ಎಲ್ಲೋ ದೂರದ ಸೆಲ್‌ಗೆ ಹಾರುತ್ತದೆ. ಏಕೆಂದರೆ ಜಿಎಸ್‌ಟಿ ಅನ್ನುವ ಕಾಲಂ ನಿಜಕ್ಕೂ ಇದೆ, ಅದರ 18ನೇ ಸಾಲೂ ಇದೆ. ಕೋಡ್‌ನಲ್ಲಿ ರೇಂಜ್("ಜಿಎಸ್‌ಟಿ18") ಎಂದು ಬರೆದರೂ ಅದೇ ಕಥೆ: ಎರರ್ ಇಲ್ಲ, ಖಾಲಿ ಸೆಲ್, ತೆರಿಗೆ ಸೊನ್ನೆ. ಜಾನ್2025, ಟ್ಯಾಕ್ಸ್2025 ಕೂಡ ಹೀಗೇ. ನಡುವೆ ಒಂದು ಅಂಡರ್‌ಸ್ಕೋರ್ ಹಾಕಿದರೆ ತೊಂದರೆ ಇಲ್ಲ. ಜಿಎಸ್‌ಟಿ_18 ಸರಿಯಾದ ಹೆಸರು.

ಎಕ್ಸೆಲ್ 2003ರ ಕಾಲದ ಫೈಲ್ ಇನ್ನೂ ಬಳಸುತ್ತಿರುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಿ. ಆಗ ಇದ್ದದ್ದು 256 ಕಾಲಂ ಮಾತ್ರ, ಹಾಗಾಗಿ ಟ್ಯಾಕ್ಸ್2003 ಅನ್ನುವ ಹೆಸರು ನಡೆಯುತ್ತಿತ್ತು. ಆ ಫೈಲನ್ನು ಹೊಸ ರೂಪಕ್ಕೆ ಬದಲಿಸಿದಾಗ ಎಕ್ಸೆಲ್ ಅಂಥ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸುತ್ತದೆ, ಫಾರ್ಮುಲಾಗಳನ್ನೂ ತಿದ್ದುತ್ತದೆ. ಮ್ಯಾಕ್ರೋ ಕೋಡ್ ಮಾತ್ರ ಹಳೆಯದೇ ಉಳಿಯುತ್ತದೆ. ಅದನ್ನು ನೀವೇ ತಿದ್ದಬೇಕು.

ಯಾವ ಹೆಸರು ಎಲ್ಲಿದೆ ಎಂದು ಕಣ್ಣಿಂದ ನೋಡಬೇಕೇ? ಶೀಟ್‌ನ ಜೂಮ್ 39%ಗೆ ಇಳಿಸಿ. ಒಂದಕ್ಕಿಂತ ಹೆಚ್ಚು ಸೆಲ್ ಇರುವ ಹೆಸರುಗಳು ಆಯಾ ಜಾಗದ ಮೇಲೆಯೇ ಬರೆದ ಹಾಗೆ ಕಾಣಿಸುತ್ತವೆ. ಬೇರೆಯವರು ಮಾಡಿದ ಫೈಲ್ ಕೈಗೆ ಬಂದಾಗ ನಾನು ಮೊದಲು ಮಾಡುವ ಕೆಲಸವೇ ಇದು.

## ಹಂತ 2: ಕೋಡ್‌ನಿಂದ ಓದುವುದು

ಎಲ್ಲರೂ ಮೊದಲು ಬರೆಯುವುದು ಈ ಸಾಲು:

```
ದರ = ರೇಂಜ್("ಸಿಮೆಂಟ್_ದರ").ವ್ಯಾಲ್ಯೂ
```

ಇದು ಕೆಲಸ ಮಾಡುತ್ತದೆ. ಆದರೆ ಇದರಲ್ಲಿ ಎರಡು ತೊಂದರೆಗಳಿವೆ. ಒಂದು, ಮಾಡ್ಯೂಲ್‌ನಲ್ಲಿ ಸುಮ್ನೆ ರೇಂಜ್ ಎಂದರೆ ಆ ಕ್ಷಣ ಮುಂದೆ ತೆರೆದಿರುವ ವರ್ಕ್‌ಬುಕ್‌ನಲ್ಲಿ ಹುಡುಕು ಎಂದರ್ಥ. ಬಳಸುವವರು ಬೇರೆ ಫೈಲ್ ಕ್ಲಿಕ್ ಮಾಡಿದ್ದರೆ 1004 ಎರರ್ ಬರುತ್ತದೆ. ಅಲ್ಲೂ ಅದೇ ಹೆಸರಿದ್ದರೆ ಇನ್ನೂ ಕಷ್ಟ, ಆ ಫೈಲಿನ ದರ ಬಂದುಬಿಡುತ್ತದೆ. ಎರಡು, ಇದೇ ಸಾಲನ್ನು ಶೀಟ್‌ನ ಸ್ವಂತ ಮಾಡ್ಯೂಲ್‌ನಲ್ಲಿ ಬರೆದರೆ ರೇಂಜ್ ಎಂದರೆ ಆ ಶೀಟ್ ಮಾತ್ರ. ಹೆಸರು ಬೇರೆ ಶೀಟ್‌ನಲ್ಲಿದ್ದರೆ ಮತ್ತೆ 1004. ಮಾಡ್ಯೂಲ್‌ನಲ್ಲಿ ನಡೆದ ಕೋಡ್ ಶೀಟ್‌ಗೆ ಅಂಟಿಸಿದ ಕೂಡಲೇ ನಿಂತಿತು ಅಂದರೆ ಬಹುಪಾಲು ಕಾರಣ ಇದೇ.

ಎರಡೂ ತೊಂದರೆ ಇಲ್ಲದ ದಾರಿ ಇದು:

```
ದರ = ದಿಸ್‌ವರ್ಕ್‌ಬುಕ್.ನೇಮ್ಸ್("ಸಿಮೆಂಟ್_ದರ").ರೆಫರ್ಸ್‌ಟುರೇಂಜ್.ವ್ಯಾಲ್ಯೂ
```

ದಿಸ್‌ವರ್ಕ್‌ಬುಕ್ ಅಂದರೆ ಈ ಕೋಡ್ ಇರುವ ಫೈಲ್, ಮುಂದೆ ಯಾವುದು ತೆರೆದಿದ್ದರೂ ಸರಿ. ಸಾಲು ಉದ್ದವಾಯಿತು, ನಿಜ. ಅದಕ್ಕೆ ಒಂದು ಚಿಕ್ಕ ಫಂಕ್ಷನ್ ಬರೆದಿಟ್ಟುಕೊಳ್ಳಿ:

```
ಫಂಕ್ಷನ್ ಜಾಗ(ಬೈವ್ಯಾಲ್ ಹೆಸರು ಆ್ಯಸ್ ಸ್ಟ್ರಿಂಗ್) ಆ್ಯಸ್ ರೇಂಜ್
    ಸೆಟ್ ಜಾಗ = ದಿಸ್‌ವರ್ಕ್‌ಬುಕ್.ನೇಮ್ಸ್(ಹೆಸರು).ರೆಫರ್ಸ್‌ಟುರೇಂಜ್
ಎಂಡ್ ಫಂಕ್ಷನ್
```

ಇನ್ನು ಮುಂದೆ ಎಲ್ಲ ಕಡೆ ಜಾಗ("ಸಿಮೆಂಟ್_ದರ").ವ್ಯಾಲ್ಯೂ ಎಂದರೆ ಸಾಕು.

ಕನ್ನಡದಲ್ಲಿ ಫೈಲ್ ಮಾಡುವವರಿಗೆ ಇದರಿಂದ ಒಂದು ದೊಡ್ಡ ಲಾಭ ಇದೆ. ಶೀಟ್‌ನ ಟ್ಯಾಬ್‌ಗೆ ‘ದರಪಟ್ಟಿ’ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಎಡಿಟರ್‌ಗೆ ಕನ್ನಡ ಬರುವುದಿಲ್ಲವಾದ್ದರಿಂದ ವರ್ಕ್‌ಶೀಟ್ಸ್ ಎಂದು ಬರೆದು ಕೋಟ್ಸ್ ಒಳಗೆ ಆ ಹೆಸರು ಹಾಕಲು ಆಗುವುದಿಲ್ಲ. ಇದಕ್ಕಾಗಿಯೇ ಎಷ್ಟೋ ಜನ ಟ್ಯಾಬ್‌ಗಳನ್ನು ಇಂಗ್ಲಿಷ್‌ಗೆ ಬದಲಿಸಿಬಿಡುತ್ತಾರೆ. ಬೇಕಿಲ್ಲ. ನೇಮ್ಡ್ ರೇಂಜ್ ಮೂಲಕ ಹೋದರೆ ಕೋಡ್‌ನಲ್ಲಿ ಶೀಟ್‌ನ ಹೆಸರೇ ಬರುವುದಿಲ್ಲ. ಆ ಶೀಟೇ ಬೇಕಿದ್ದರೆ ಜಾಗ("ಸಿಮೆಂಟ್_ದರ").ವರ್ಕ್‌ಶೀಟ್ ಎಂದು ಪಡೆಯಬಹುದು. ಟ್ಯಾಬ್ ಕನ್ನಡದಲ್ಲೇ ಇರಲಿ.

ಸಂದೇಶಗಳಿಗೂ ಇದೇ ಉಪಾಯ. ಮೆಸೇಜ್ ಬಾಕ್ಸ್‌ನಲ್ಲಿ ಕನ್ನಡ ಪ್ರಶ್ನೆ ಗುರುತಾಗಿ ಬರುತ್ತದೆ. ‘ಬಿಲ್ ಉಳಿಸಲಾಗಿದೆ’ ಅನ್ನುವ ಮಾತನ್ನು ಸೆಟ್ಟಿಂಗ್ ಶೀಟ್‌ನ ಒಂದು ಸೆಲ್‌ನಲ್ಲಿ ಬರೆದು ಮಾತು_ಉಳಿಯಿತು ಎಂದು ಹೆಸರಿಡಿ. ಬಿಲ್ ಶೀಟ್‌ನ ಒಂದು ಸೆಲ್‌ಗೆ ಸಂದೇಶ ಎಂದು ಹೆಸರಿಡಿ. ಆಮೇಲೆ:

```
ಜಾಗ("ಸಂದೇಶ").ವ್ಯಾಲ್ಯೂ = ಜಾಗ("ಮಾತು_ಉಳಿಯಿತು").ವ್ಯಾಲ್ಯೂ
```

ಎಡಿಟರ್ ಮಾತ್ರ ಹಳೆಯದು. ವಿಬಿಎ ಒಳಗೆ ಅಕ್ಷರಗಳು ಯೂನಿಕೋಡ್ ಆಗಿಯೇ ಓಡಾಡುತ್ತವೆ. ಆದ್ದರಿಂದ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಕನ್ನಡ ಒಂದಿಷ್ಟೂ ಕೆಡದೆ ಹೋಗುತ್ತದೆ.

## ಹಂತ 3: ಲೆಕ್ಕ ಮಾಡಿ ಬರೆಯುವುದು

ಬಿಲ್ ಶೀಟ್‌ನಲ್ಲಿ ಬಿಲ್_ಮೊತ್ತ, ಬಿಲ್_ತೆರಿಗೆ ಎಂದು ಎರಡು ಸೆಲ್‌ಗೆ ಹೆಸರಿಡಿ. ಮ್ಯಾಕ್ರೋ ಇಷ್ಟೇ:

```
ಸಬ್ ತೆರಿಗೆ_ಹಾಕು()
    ಡಿಮ್ ದರ ಆ್ಯಸ್ ಡಬಲ್, ಮೊತ್ತ ಆ್ಯಸ್ ಡಬಲ್
    ದರ = ಜಾಗ("ಸಿಮೆಂಟ್_ದರ").ವ್ಯಾಲ್ಯೂ
    ಮೊತ್ತ = ಜಾಗ("ಬಿಲ್_ಮೊತ್ತ").ವ್ಯಾಲ್ಯೂ
    ಜಾಗ("ಬಿಲ್_ತೆರಿಗೆ").ವ್ಯಾಲ್ಯೂ = ವರ್ಕ್‌ಶೀಟ್‌ಫಂಕ್ಷನ್.ರೌಂಡ್(ಮೊತ್ತ * ದರ, 2)
ಎಂಡ್ ಸಬ್
```

ಸೆಲ್‌ನಲ್ಲಿ 18% ಎಂದು ಕಂಡರೂ ಒಳಗಿರುವುದು 0.18. ಮತ್ತೆ 100ರಿಂದ ಭಾಗಿಸಬೇಡಿ. ವರ್ಕ್‌ಶೀಟ್‌ಫಂಕ್ಷನ್ ಎಂದು ಬರೆದಿರುವುದಕ್ಕೂ ಕಾರಣ ಇದೆ. ವಿಬಿಎಯ ಸ್ವಂತ ರೌಂಡ್, ಸರಿಯಾಗಿ ಅರ್ಧದಲ್ಲಿರುವ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ತರುತ್ತದೆ. 2.5 ಅಲ್ಲಿ 2 ಆಗುತ್ತದೆ, ಶೀಟ್‌ನ ಫಾರ್ಮುಲಾದಲ್ಲಿ 3 ಆಗುತ್ತದೆ. ಬಿಲ್ ಮತ್ತು ಲೆಡ್ಜರ್ ನಡುವೆ ಪೈಸೆಗಳ ವ್ಯತ್ಯಾಸ ಬಂದು ತಲೆ ಕೆಡುವುದು ಬೇಡ.

ಈ ಹಂತದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಕೋಡ್‌ಗಿಂತ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28%ರಿಂದ 18%ಗೆ ಇಳಿಯಿತು. ದರವನ್ನು ಹೆಸರಿಟ್ಟ ಒಂದೇ ಸೆಲ್‌ನಲ್ಲಿ ಇಟ್ಟಿದ್ದರೆ ಆ ಒಂದು ಸೆಲ್ ತಿದ್ದಿದರೆ ಮುಗಿಯಿತು, ಕೋಡ್ ಮುಟ್ಟುವ ಅಗತ್ಯವೇ ಇಲ್ಲ. ಆದರೆ ಹಳೆಯ ಬಿಲ್‌ಗಳಲ್ಲಿ ತೆರಿಗೆ ಫಾರ್ಮುಲಾ ಆಗಿ ಕುಳಿತು ಅದೇ ಹೆಸರನ್ನು ನೋಡುತ್ತಿದ್ದರೆ? ದರ ತಿದ್ದಿದ ಕ್ಷಣ ಆಗಸ್ಟ್‌ನ ಬಿಲ್‌ಗಳೂ 18% ಆಗಿಬಿಡುತ್ತವೆ. ಗಿರಾಕಿಯ ಕೈಯಲ್ಲಿರುವ ಕಾಗದ ಒಂದು ಹೇಳುತ್ತದೆ, ನಿಮ್ಮ ಫೈಲ್ ಇನ್ನೊಂದು ಹೇಳುತ್ತದೆ. ಅದಕ್ಕೇ ಮೇಲಿನ ಮ್ಯಾಕ್ರೋ ಫಾರ್ಮುಲಾ ಹಾಕದೆ ಲೆಕ್ಕ ಮಾಡಿದ ಸಂಖ್ಯೆಯನ್ನೇ ಬರೆಯುತ್ತದೆ. ಬಿಲ್ ಜೊತೆಗೆ ಆ ದಿನದ ದರವನ್ನೂ ಒಂದು ಕಾಲಂನಲ್ಲಿ ಬರೆದಿಡಿ. ಹೆಸರಿನ ಸೆಲ್ ಇವತ್ತಿನ ದರಕ್ಕೆ. ಆಗಿಹೋದ ಬಿಲ್‌ನ ದರ ಆ ಬಿಲ್‌ನಲ್ಲೇ ಇರಬೇಕು.

## ಹಂತ 4: ಪಟ್ಟಿಯ ಜೊತೆ ಕೆಲಸ

ಹೆಸರು ಒಂದೇ ಸೆಲ್‌ಗೆ ಇರಬೇಕು ಅಂತೇನಿಲ್ಲ. ಸರಕಿನ ಹೆಸರು ಮತ್ತು ಬೆಲೆ ಇರುವ ಎರಡು ಕಾಲಂಗಳನ್ನು ಒಟ್ಟಿಗೆ ಆರಿಸಿ ಸರಕು_ಪಟ್ಟಿ ಎಂದು ಹೆಸರಿಡಿ. ತಲೆಬರಹದ ಸಾಲನ್ನು ಸೇರಿಸಬೇಡಿ.

ಪಟ್ಟಿಯೊಳಗಿನ ಒಂದು ಸೆಲ್ ಬೇಕಾದರೆ ಜಾಗ("ಸರಕು_ಪಟ್ಟಿ").ಸೆಲ್ಸ್(3, 2) ಎಂದರೆ ಪಟ್ಟಿಯ ಮೂರನೇ ಸಾಲು, ಎರಡನೇ ಕಾಲಂ. ಎಣಿಕೆ ಶೀಟ್‌ನ ಮೊದಲ ಸಾಲಿನಿಂದ ಶುರುವಾಗುವುದಿಲ್ಲ, ಪಟ್ಟಿಯ ಮೊದಲ ಸಾಲಿನಿಂದ ಶುರುವಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಪಟ್ಟಿಯಲ್ಲಿ 10 ಸಾಲು ಇದ್ದು ನೀವು ಸೆಲ್ಸ್(15, 2) ಕೇಳಿದರೂ ಎಕ್ಸೆಲ್ ಬೇಡ ಅನ್ನುವುದಿಲ್ಲ. ಪಟ್ಟಿಯ ಹೊರಗಿನ ಸೆಲ್ಲನ್ನು ಎತ್ತಿಕೊಡುತ್ತದೆ. ಆದ್ದರಿಂದ ಲೂಪ್‌ನ (ಒಂದೇ ಕೆಲಸವನ್ನು ಸಾಲು ಸಾಲಾಗಿ ಮತ್ತೆ ಮತ್ತೆ ಮಾಡುವ ಕೋಡ್) ಕೊನೆಯನ್ನು ಯಾವಾಗಲೂ ರೋಸ್.ಕೌಂಟ್‌ನಿಂದ, ಅಂದರೆ ಪಟ್ಟಿಯ ಸಾಲುಗಳ ಎಣಿಕೆಯಿಂದ, ತೆಗೆದುಕೊಳ್ಳಿ, ಕೈಯಿಂದ ಸಂಖ್ಯೆ ಹಾಕಬೇಡಿ.

ಪಟ್ಟಿ ದೊಡ್ಡದಿದ್ದರೆ ಒಂದೊಂದೇ ಸೆಲ್ ಓದುವುದು ನಿಧಾನ. ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಅರೇಗೆ (ಕೋಡ್ ಒಳಗೆ ಹಲವು ಬಿಡಿಗಳನ್ನು ಒಟ್ಟಿಗೆ ಇಡುವ ಪಟ್ಟಿ) ತಂದುಕೊಳ್ಳಿ:

```
ಡಿಮ್ ಸಾಲುಗಳು ಆ್ಯಸ್ ವೇರಿಯಂಟ್, ಐ ಆ್ಯಸ್ ಲಾಂಗ್
ಸಾಲುಗಳು = ಜಾಗ("ಸರಕು_ಪಟ್ಟಿ").ವ್ಯಾಲ್ಯೂ
ಫಾರ್ ಐ = 1 ಟು ಯುಬೌಂಡ್(ಸಾಲುಗಳು, 1)
    ಇಫ್ ಸಾಲುಗಳು(ಐ, 1) = ಬೇಕಾದದ್ದು ದೆನ್
        ಬೆಲೆ = ಸಾಲುಗಳು(ಐ, 2)
        ಎಕ್ಸಿಟ್ ಫಾರ್
    ಎಂಡ್ ಇಫ್
ನೆಕ್ಸ್ಟ್ ಐ
```

ಹೀಗೆ ಬರುವ ಅರೇ ಯಾವಾಗಲೂ ಎರಡು ಆಯಾಮದ್ದು, ಎಣಿಕೆ 1ರಿಂದ ಶುರು. ಒಂದೇ ಕಾಲಂ ಇದ್ದರೂ ಸಾಲುಗಳು(ಐ, 1) ಎಂದೇ ಬರೆಯಬೇಕು. ಆದರೆ ಹೆಸರು ಒಂದೇ ಒಂದು ಸೆಲ್‌ಗೆ ಇದ್ದರೆ ಅರೇ ಬರುವುದೇ ಇಲ್ಲ, ಆ ಸೆಲ್‌ನಲ್ಲಿರುವುದು ಮಾತ್ರ ಬರುತ್ತದೆ, ಯುಬೌಂಡ್ ಎರರ್ ಕೊಡುತ್ತದೆ. ಒಂದು ಕಾಲಂನ ಪಟ್ಟಿಯಲ್ಲಿ ಒಂದೇ ಸರಕು ಉಳಿದ ದಿನ ಇದು ಎದುರಾಗುತ್ತದೆ. ಈಸ್‌ಅರೇ ಎಂದು ಮೊದಲು ಕೇಳಿ ನೋಡಿಕೊಳ್ಳಿ.

ಕಂಟ್ರೋಲ್ ಹಿಡಿದು ಬೇರೆ ಬೇರೆ ಕಡೆಯ ಸೆಲ್‌ಗಳನ್ನು ಆರಿಸಿ ಒಂದೇ ಹೆಸರು ಇಡಬಹುದು. ಆಗ ವ್ಯಾಲ್ಯೂ, ರೋಸ್.ಕೌಂಟ್ ಎರಡೂ ಮೊದಲ ತುಂಡನ್ನು ಮಾತ್ರ ನೋಡುತ್ತವೆ. ಎಲ್ಲ ತುಂಡು ಬೇಕಿದ್ದರೆ ಏರಿಯಾಸ್ ಮೇಲೆ ಲೂಪ್ ಹಾಕಬೇಕು. ಇಂಥ ಹೆಸರು ಒಂದು ಕೆಲಸಕ್ಕೆ ಬಹಳ ಒಳ್ಳೆಯದು: ಬಿಲ್ ಖಾಲಿ ಮಾಡುವುದಕ್ಕೆ. ಗಿರಾಕಿ ಹೆಸರು, ತಾರೀಖು, ಸರಕಿನ ಸಾಲುಗಳು ಎಲ್ಲವನ್ನೂ ಸೇರಿಸಿ ತುಂಬುವ_ಜಾಗ ಎಂದು ಹೆಸರಿಟ್ಟರೆ ಜಾಗ("ತುಂಬುವ_ಜಾಗ").ಕ್ಲಿಯರ್‌ಕಂಟೆಂಟ್ಸ್ ಅನ್ನುವ ಒಂದೇ ಸಾಲಿನಲ್ಲಿ ಹೊಸ ಬಿಲ್ ಸಿದ್ಧ. ಫಾರ್ಮುಲಾ ಇರುವ ಸೆಲ್‌ಗಳಿಗೆ ಕೈ ಹೋಗುವುದಿಲ್ಲ.

## ಹಂತ 5: ಪಟ್ಟಿ ಬೆಳೆದಾಗ

ಪಟ್ಟಿಯ ನಡುವೆ ಸಾಲು ಸೇರಿಸಿದರೆ ಹೆಸರೂ ಹಿಗ್ಗುತ್ತದೆ. ಪಟ್ಟಿಯ ಕೆಳಗೆ ಹೊಸ ಸರಕು ಬರೆದರೆ ಹಿಗ್ಗುವುದಿಲ್ಲ. ಜನ ಬರೆಯುವುದು ಕೆಳಗೇ ಅಲ್ವಾ? ಹಾಗಾಗಿ ಹೊಸ ಸರಕು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ, ಮ್ಯಾಕ್ರೋಗೆ ಸಿಗುವುದಿಲ್ಲ.

ಸುಲಭದ ದಾರಿ, ಪಟ್ಟಿಯನ್ನು ಎಕ್ಸೆಲ್ ಟೇಬಲ್ ಮಾಡುವುದು. ಪಟ್ಟಿಯೊಳಗೆ ನಿಂತು ಕಂಟ್ರೋಲ್ + ಟಿ ಒತ್ತಿ. ಟೇಬಲ್‌ನ ತಲೆಬರಹ ಬಿಟ್ಟು ಉಳಿದ ಭಾಗ ಪೂರ್ತಿ ಆರಿಸಿ ಹೆಸರಿಟ್ಟರೆ, ಕೆಳಗೆ ಬರೆದ ಸಾಲು ಟೇಬಲ್‌ಗೆ ಸೇರಿದಾಗ ಹೆಸರೂ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಹೊಸ ಫೈಲ್ ಮಾಡುತ್ತಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಮಾಡಿ.

ಟೇಬಲ್ ಬೇಡ, ಹೊಸ ಸರಕನ್ನು ಮ್ಯಾಕ್ರೋನೇ ಸೇರಿಸುತ್ತದೆ ಅನ್ನುವವರು ಹೆಸರನ್ನು ಕೋಡ್‌ನಿಂದಲೇ ಹಿಗ್ಗಿಸಬಹುದು:

```
ಡಿಮ್ ಪಟ್ಟಿ ಆ್ಯಸ್ ರೇಂಜ್
ಸೆಟ್ ಪಟ್ಟಿ = ಜಾಗ("ಸರಕು_ಪಟ್ಟಿ")
ಸೆಟ್ ಪಟ್ಟಿ = ಪಟ್ಟಿ.ರೀಸೈಜ್(ಪಟ್ಟಿ.ರೋಸ್.ಕೌಂಟ್ + 1)
ಪಟ್ಟಿ.ನೇಮ್ = "ಸರಕು_ಪಟ್ಟಿ"
ಪಟ್ಟಿ.ಸೆಲ್ಸ್(ಪಟ್ಟಿ.ರೋಸ್.ಕೌಂಟ್, 1).ವ್ಯಾಲ್ಯೂ = ಹೊಸ_ಸರಕು
ಪಟ್ಟಿ.ಸೆಲ್ಸ್(ಪಟ್ಟಿ.ರೋಸ್.ಕೌಂಟ್, 2).ವ್ಯಾಲ್ಯೂ = ಹೊಸ_ಬೆಲೆ
```

ರೀಸೈಜ್‌ಗೆ ಸಾಲಿನ ಸಂಖ್ಯೆ ಮಾತ್ರ ಕೊಟ್ಟರೆ ಕಾಲಂ ಮೊದಲಿನಷ್ಟೇ ಇರುತ್ತದೆ. ಪಟ್ಟಿ.ನೇಮ್ ಎಂದು ಬರೆದ ಕೂಡಲೇ ಹಳೆಯ ಹೆಸರು ಹೊಸ ಅಳತೆಗೆ ಸರಿಯುತ್ತದೆ. ಅಳಿಸಿ ಮತ್ತೆ ಮಾಡಬೇಕಾಗಿಲ್ಲ.

ಆಫ್‌ಸೆಟ್ ಮತ್ತು ಕೌಂಟ್‌ಎ ಸೇರಿಸಿ ತಾನಾಗಿ ಬೆಳೆಯುವ ಹೆಸರು ಮಾಡುವ ಹಳೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಅದೂ ನಡೆಯುತ್ತದೆ. ಆದರೆ ಆಫ್‌ಸೆಟ್ ಶೀಟ್‌ನಲ್ಲಿ ಎಲ್ಲಿ ಏನು ಬದಲಾದರೂ ಮತ್ತೆ ಲೆಕ್ಕ ಮಾಡುತ್ತದೆ, ದೊಡ್ಡ ಫೈಲ್ ನಿಧಾನವಾಗುತ್ತದೆ. ನಡುವೆ ಒಂದು ಸೆಲ್ ಖಾಲಿ ಬಿಟ್ಟರೆ ಎಣಿಕೆ ತಪ್ಪುತ್ತದೆ. ಟೇಬಲ್ ಬಂದ ಮೇಲೆ ಅದರ ಅಗತ್ಯ ಕಡಿಮೆ.

## ಹಂತ 6: ಕೋಡ್‌ನಿಂದಲೇ ಹೊಸ ಹೆಸರು ಮಾಡುವುದು

ರೇಂಜ್ ಕೈಯಲ್ಲಿದ್ದರೆ ಮೇಲೆ ತೋರಿಸಿದ ಹಾಗೆ .ನೇಮ್ = ಎಂದರೆ ಸಾಕು. ಶೀಟ್ ಟ್ಯಾಬ್ ಕನ್ನಡದಲ್ಲಿದ್ದರೂ ಇದು ನಡೆಯುತ್ತದೆ. ಇನ್ನೊಂದು ದಾರಿ ನೇಮ್ಸ್.ಆ್ಯಡ್:

```
ದಿಸ್‌ವರ್ಕ್‌ಬುಕ್.ನೇಮ್ಸ್.ಆ್ಯಡ್ ನೇಮ್:="ಸಿಮೆಂಟ್_ದರ", ರೆಫರ್ಸ್‌ಟು:="=ಸೆಟ್ಟಿಂಗ್!$ಬಿ$5"
```

ಕೋಟ್ಸ್ ಒಳಗಿನ ಮೊದಲ ಸಮ ಚಿಹ್ನೆ ಬಿಟ್ಟರೆ ಎರರ್ ಬರುವುದಿಲ್ಲ. ಹೆಸರೂ ಆಗುತ್ತದೆ. ಆದರೆ ಅದು ಸೆಲ್‌ಗೆ ತೋರಿಸದೆ ಆ ಅಕ್ಷರಗಳನ್ನೇ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಡಾಲರ್ ಚಿಹ್ನೆ ಬಿಟ್ಟರೂ ಎರರ್ ಇಲ್ಲ, ಆದರೆ ನೀವು ಯಾವ ಸೆಲ್‌ನಲ್ಲಿ ನಿಂತಿದ್ದೀರೋ ಅದಕ್ಕೆ ತಕ್ಕಂತೆ ಹೆಸರಿನ ಜಾಗ ಸರಿದಾಡುತ್ತದೆ. ನೇಮ್ ಮ್ಯಾನೇಜರ್‌ನಲ್ಲಿ ಪ್ರತಿ ಸಲ ಬೇರೆ ವಿಳಾಸ ಕಂಡರೆ ಡಾಲರ್ ಹೋಗಿದೆ ಎಂದು ತಿಳಿಯಿರಿ.

ಸೆಲ್ ಇಲ್ಲದೆ ಬರೀ ಸಂಖ್ಯೆಗೂ ಹೆಸರಿಡಬಹುದು, ಉದಾಹರಣೆಗೆ "=0.18". ಅಂಥ ಹೆಸರಿಗೆ ರೆಫರ್ಸ್‌ಟುರೇಂಜ್ ಕೇಳಿದರೆ 1004 ಬರುತ್ತದೆ, ಏಕೆಂದರೆ ಅದಕ್ಕೆ ಸೆಲ್ಲೇ ಇಲ್ಲ. ಎವ್ಯಾಲ್ಯುಯೇಟ್ ಬಳಸಿ ಓದಬೇಕು. ನನ್ನ ಅಭಿಪ್ರಾಯ ಕೇಳಿದರೆ, ತೆರಿಗೆ ದರದಂಥದ್ದನ್ನು ಹೀಗೆ ಅಡಗಿಸಬೇಡಿ. ಬಳಸುವವರ ಕಣ್ಣಿಗೆ ಕಾಣುವ ಸೆಲ್‌ನಲ್ಲೇ ಇರಲಿ. ಬದಲಾದಾಗ ಅವರೇ ತಿದ್ದಿಕೊಳ್ಳುತ್ತಾರೆ.

## ಹಂತ 7: ವರ್ಕ್‌ಬುಕ್ ಹೆಸರು, ಶೀಟ್ ಹೆಸರು

ನೇಮ್ ಮ್ಯಾನೇಜರ್‌ನಲ್ಲಿ ಸ್ಕೋಪ್ ಎಂಬ ಕಾಲಂ ಇದೆ. ಅಲ್ಲಿ ವರ್ಕ್‌ಬುಕ್ ಎಂದಿದ್ದರೆ ಹೆಸರು ಇಡೀ ಫೈಲ್‌ಗೆ ಸೇರಿದ್ದು. ಶೀಟ್‌ನ ಹೆಸರಿದ್ದರೆ ಆ ಶೀಟ್‌ಗೆ ಮಾತ್ರ. ಸಿಮೆಂಟ್_ದರ ಒಂದೇ ಇರಬೇಕು, ಅದು ವರ್ಕ್‌ಬುಕ್‌ಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಶೀಟ್ ಇಟ್ಟು ಪ್ರತಿಯೊಂದರಲ್ಲೂ ಒಂದು ತಿಂಗಳ_ಮೊತ್ತ ಇದ್ದರೆ ಅವು ಆಯಾ ಶೀಟ್‌ಗೆ.

ಶೀಟ್ ಮಟ್ಟದ ಹೆಸರನ್ನು ಓದಲು ನಮ್ಮ ಜಾಗ ಫಂಕ್ಷನ್ ಬೇಡ. ಶೀಟ್ ಮೂಲಕವೇ ಹೋಗಿ:

```
ಫಾರ್ ಈಚ್ ಶೀಟು ಇನ್ ದಿಸ್‌ವರ್ಕ್‌ಬುಕ್.ವರ್ಕ್‌ಶೀಟ್ಸ್
    ಇಫ್ ಶೀಟು.ಕೋಡ್‌ನೇಮ್ ಲೈಕ್ "ತಿಂಗಳು*" ದೆನ್
        ವರ್ಷ = ವರ್ಷ + ಶೀಟು.ರೇಂಜ್("ತಿಂಗಳ_ಮೊತ್ತ").ವ್ಯಾಲ್ಯೂ
    ಎಂಡ್ ಇಫ್
ನೆಕ್ಸ್ಟ್ ಶೀಟು
```

ಕೋಡ್‌ನೇಮ್ ಅಂದರೆ ಎಡಿಟರ್‌ನ ಪ್ರಾಪರ್ಟೀಸ್ ಕಿಟಕಿಯಲ್ಲಿ ಶೀಟ್‌ಗೆ ಕೊಡುವ ಹೆಸರು. ಟ್ಯಾಬ್‌ನ ಹೆಸರು ಬದಲಾದರೂ ಇದು ಬದಲಾಗುವುದಿಲ್ಲ. ಶೀಟ್‌ಗಳಿಗೆ ತಿಂಗಳು04, ತಿಂಗಳು05 ಎಂದು ಕೋಡ್‌ನೇಮ್ ಕೊಟ್ಟರೆ ಟ್ಯಾಬ್‌ನಲ್ಲಿ ಏಪ್ರಿಲ್, ಮೇ ಎಂದು ಕನ್ನಡದಲ್ಲೇ ಇರಬಹುದು.

ಗೊಂದಲ ಶುರುವಾಗುವುದು ಶೀಟ್ ಕಾಪಿ ಮಾಡಿದಾಗ. ವರ್ಕ್‌ಬುಕ್ ಮಟ್ಟದ ಹೆಸರಿರುವ ಶೀಟನ್ನು ಅದೇ ಫೈಲ್‌ನಲ್ಲಿ ಕಾಪಿ ಮಾಡಿದರೆ, ಎಕ್ಸೆಲ್ ಹೊಸ ಶೀಟ್‌ನಲ್ಲಿ ಅದೇ ಹೆಸರನ್ನು ಶೀಟ್ ಮಟ್ಟದಲ್ಲಿ ಮಾಡುತ್ತದೆ. ಈಗ ಒಂದೇ ಹೆಸರು ಎರಡು ಕಡೆ. ಆ ಶೀಟ್‌ನ ಒಳಗೆ ಶೀಟ್‌ನ ಹೆಸರೇ ಗೆಲ್ಲುತ್ತದೆ. ಬಿಲ್ ಶೀಟನ್ನು ಕಾಪಿ ಮಾಡಿ ಹಳೆಯ ಬಿಲ್‌ಗಳನ್ನು ಉಳಿಸುವ ಅಭ್ಯಾಸವಿದ್ದರೆ ಸ್ವಲ್ಪ ದಿನದಲ್ಲೇ ಬಿಲ್_ಮೊತ್ತ ಅನ್ನುವ ಹೆಸರು ಹತ್ತಾರು ಆಗಿರುತ್ತದೆ. ಶೀಟ್ ಕಾಪಿ ಮಾಡುವ ಬದಲು ಬಿಲ್‌ನ ಸಂಖ್ಯೆಗಳನ್ನು ಒಂದು ದಾಖಲೆ ಶೀಟ್‌ಗೆ ಸಾಲಾಗಿ ಬರೆಯುವುದು ಒಳ್ಳೆಯದು. ಫೈಲೂ ಹಗುರ, ಹೆಸರೂ ಒಂದೇ.

## ಹಂತ 8: ಸೆಲ್ ಬದಲಾದಾಗ ಮ್ಯಾಕ್ರೋ ಓಡುವುದು

ಯಾರಾದರೂ ದರ ತಿದ್ದಿದರೆ ತಾರೀಖು ತಾನಾಗಿ ದಾಖಲಾಗಬೇಕು. ಅದಕ್ಕೆ ಸೆಟ್ಟಿಂಗ್ ಶೀಟ್‌ನ ಒಂದು ಸೆಲ್‌ಗೆ ದರ_ತಾರೀಖು ಎಂದು ಹೆಸರಿಟ್ಟು, ಆ ಶೀಟ್‌ನ ಮಾಡ್ಯೂಲ್‌ನಲ್ಲಿ:

```
ಪ್ರೈವೇಟ್ ಸಬ್ ವರ್ಕ್‌ಶೀಟ್_ಚೇಂಜ್(ಬೈವ್ಯಾಲ್ ಟಾರ್ಗೆಟ್ ಆ್ಯಸ್ ರೇಂಜ್)
    ಇಫ್ ಇಂಟರ್‌ಸೆಕ್ಟ್(ಟಾರ್ಗೆಟ್, ಮಿ.ರೇಂಜ್("ಸಿಮೆಂಟ್_ದರ")) ಈಸ್ ನಥಿಂಗ್ ದೆನ್ ಎಕ್ಸಿಟ್ ಸಬ್
    ಅಪ್ಲಿಕೇಶನ್.ಎನೇಬಲ್‌ಈವೆಂಟ್ಸ್ = ಫಾಲ್ಸ್
    ಮಿ.ರೇಂಜ್("ದರ_ತಾರೀಖು").ವ್ಯಾಲ್ಯೂ = ಡೇಟ್
    ಅಪ್ಲಿಕೇಶನ್.ಎನೇಬಲ್‌ಈವೆಂಟ್ಸ್ = ಟ್ರೂ
ಎಂಡ್ ಸಬ್
```

ಟಾರ್ಗೆಟ್.ಅಡ್ರೆಸ್ (ಬದಲಾದ ಸೆಲ್‌ನ ವಿಳಾಸ) ಅನ್ನು ಕೋಟ್ಸ್ ಒಳಗೆ ಬರೆದ ವಿಳಾಸದ ಜೊತೆ ಹೋಲಿಸುವ ಕೋಡ್ ತುಂಬಾ ಕಡೆ ಕಾಣುತ್ತದೆ. ಅದು ಸಾಲು ಸೇರಿಸಿದ ದಿನ ಮುರಿಯುತ್ತದೆ. ಹಲವು ಸೆಲ್ ಒಟ್ಟಿಗೆ ಅಂಟಿಸಿದಾಗಲೂ ಕೆಲಸ ಮಾಡುವುದಿಲ್ಲ. ಬದಲಾದ ಸೆಲ್‌ಗಳಲ್ಲಿ ಹೆಸರಿಟ್ಟ ಸೆಲ್ಲೂ ಇದೆಯೇ ಎಂದು ನೋಡುವ ಇಂಟರ್‌ಸೆಕ್ಟ್‌ಗೆ ಎರಡೂ ತೊಂದರೆ ಇಲ್ಲ.

## ಹಂತ 9: ಮುರಿದ ಹೆಸರುಗಳನ್ನು ಹಿಡಿಯುವುದು

ಹೆಸರಿಟ್ಟ ಸೆಲ್ ಇರುವ ಸಾಲನ್ನೇ ಯಾರಾದರೂ ಅಳಿಸಿದರೆ ಹೆಸರು ಹೋಗುವುದಿಲ್ಲ, ಆದರೆ ಅದು ತೋರಿಸುವ ಜಾಗ #ರೆಫ್! ಆಗುತ್ತದೆ. ಬೇರೆ ಸೆಲ್ಲನ್ನು ಕಟ್ ಮಾಡಿ ಹೆಸರಿಟ್ಟ ಸೆಲ್ ಮೇಲೆ ಅಂಟಿಸಿದರೂ ಅದೇ ಗತಿ. ಕಾಪಿ ಮಾಡಿ ಅಂಟಿಸಿದರೆ ಏನೂ ಆಗುವುದಿಲ್ಲ. ಬಳಸುವವರಿಗೆ ಕಟ್ ಬೇಡ, ಕಾಪಿ ಮಾಡಿ ಎಂದು ಹೇಳಿಡುವುದು ಒಳ್ಳೆಯದು.

ಕೋಡ್ ಕಡೆಯಿಂದ ಕಾವಲು ಇರಲಿ:

```
ಫಂಕ್ಷನ್ ಸರಿಯಿದೆ(ಬೈವ್ಯಾಲ್ ಹೆಸರು ಆ್ಯಸ್ ಸ್ಟ್ರಿಂಗ್) ಆ್ಯಸ್ ಬೂಲಿಯನ್
    ಡಿಮ್ ಆರ್ ಆ್ಯಸ್ ರೇಂಜ್
    ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
    ಸೆಟ್ ಆರ್ = ದಿಸ್‌ವರ್ಕ್‌ಬುಕ್.ನೇಮ್ಸ್(ಹೆಸರು).ರೆಫರ್ಸ್‌ಟುರೇಂಜ್
    ಆನ್ ಎರರ್ ಗೋಟು 0
    ಸರಿಯಿದೆ = ನಾಟ್ ಆರ್ ಈಸ್ ನಥಿಂಗ್
ಎಂಡ್ ಫಂಕ್ಷನ್
```

ಹೆಸರು ಇಲ್ಲದಿದ್ದರೂ, ಮುರಿದಿದ್ದರೂ ಇದು ಫಾಲ್ಸ್ ಕೊಡುತ್ತದೆ. ಬಿಲ್ ಮ್ಯಾಕ್ರೋದ ಮೊದಲಲ್ಲೇ ಬೇಕಾದ ಹೆಸರುಗಳನ್ನೆಲ್ಲ ಇದರಿಂದ ಪರೀಕ್ಷಿಸಿ. ಒಂದು ಕೆಟ್ಟಿದ್ದರೂ ಮುಂದೆ ಹೋಗದೆ ನಿಲ್ಲಲಿ. ದರದ ಸೆಲ್ ಖಾಲಿ ಇದೆಯೇ ಎಂದೂ ಈಸ್‌ಎಂಪ್ಟಿ ಬಳಸಿ ಇಲ್ಲೇ ನೋಡಿ. ತೆರಿಗೆ ಇಲ್ಲದ ಬಿಲ್ ಹೊರಗೆ ಹೋಗದಂತೆ ತಡೆಯುವುದು ಈ ಎರಡು ಪರೀಕ್ಷೆ ಸೇರಿದಾಗ ಮಾತ್ರ.

ಮುರಿದ ಹೆಸರುಗಳನ್ನು ಗುಡಿಸಬೇಕಿದ್ದರೆ ನೇಮ್ಸ್.ಕೌಂಟ್‌ನಿಂದ 1ರವರೆಗೆ ಹಿಂದಿನಿಂದ ಲೂಪ್ ಹಾಕಿ, ರೆಫರ್ಸ್‌ಟುನಲ್ಲಿ #ರೆಫ್! ಇರುವುದನ್ನು ಡಿಲೀಟ್ ಮಾಡಿ. ಮುಂದಿನಿಂದ ಹೋದರೆ ಒಂದು ಅಳಿಸಿದಾಗ ಮುಂದಿನದು ತಪ್ಪಿಹೋಗುತ್ತದೆ. ವಿಸಿಬಲ್ ಫಾಲ್ಸ್ ಇರುವ ಹೆಸರುಗಳನ್ನು ಮುಟ್ಟಬೇಡಿ. ಫಿಲ್ಟರ್‌ಗೆ ಮತ್ತು ಇತರ ಒಳಗಿನ ಕೆಲಸಕ್ಕೆ ಎಕ್ಸೆಲ್ ತಾನೇ ಮಾಡಿಕೊಂಡ ಹೆಸರುಗಳು ಅವು.

ಹೆಸರಿನ ಸ್ಪೆಲಿಂಗ್ ತಪ್ಪು ಇನ್ನೊಂದು ತೊಂದರೆ. ಕೋಟ್ಸ್ ಒಳಗಿನ ತಪ್ಪನ್ನು ಆಪ್ಷನ್ ಎಕ್ಸ್‌ಪ್ಲಿಸಿಟ್ ಹಿಡಿಯುವುದಿಲ್ಲ. ಮಾಡ್ಯೂಲ್‌ನ ತಲೆಯಲ್ಲಿ ಹೀಗೆ ಬರೆದಿಟ್ಟುಕೊಂಡರೆ ಹಿಡಿಯುತ್ತದೆ:

```
ಪಬ್ಲಿಕ್ ಕಾನ್ಸ್ಟ್ ಎನ್_ದರ ಆ್ಯಸ್ ಸ್ಟ್ರಿಂಗ್ = "ಸಿಮೆಂಟ್_ದರ"
ಪಬ್ಲಿಕ್ ಕಾನ್ಸ್ಟ್ ಎನ್_ಮೊತ್ತ ಆ್ಯಸ್ ಸ್ಟ್ರಿಂಗ್ = "ಬಿಲ್_ಮೊತ್ತ"
```

ಆಮೇಲೆ ಜಾಗ(ಎನ್_ದರ) ಎಂದು ಬರೆಯಿರಿ. ತಪ್ಪಾಗಿ ಟೈಪ್ ಮಾಡಿದರೆ ಕಂಪೈಲ್ ಮಾಡುವಾಗಲೇ, ಅಂದರೆ ಕೋಡ್ ಓಡುವ ಮೊದಲೇ, ಎಡಿಟರ್ ನಿಲ್ಲಿಸುತ್ತದೆ.

## ಹಳೆಯ ಮ್ಯಾಕ್ರೋ ಇದ್ದರೆ

ಆಗಲೇ ಓಡುತ್ತಿರುವ ಫೈಲನ್ನು ಒಂದೇ ದಿನದಲ್ಲಿ ಪೂರ್ತಿ ಬದಲಿಸಬೇಡಿ. ಮೊದಲು ಫೈಲ್‌ನ ಒಂದು ಕಾಪಿ ತೆಗೆದಿಡಿ. ಎಡಿಟರ್‌ನಲ್ಲಿ ಕಂಟ್ರೋಲ್ + ಎಫ್ ಒತ್ತಿ, ರೇಂಜ್ ಮತ್ತು ಸೆಲ್ಸ್ ಎಂದು ಹುಡುಕಿ, ಎಲ್ಲೆಲ್ಲಿ ಸೆಲ್ ವಿಳಾಸ ನೇರವಾಗಿ ಬರೆದಿದೆ ಎಂದು ಪಟ್ಟಿ ಮಾಡಿ. ಒಂದೇ ವಿಳಾಸ ಬೇರೆ ಬೇರೆ ಮ್ಯಾಕ್ರೋಗಳಲ್ಲಿ ಬಂದಿದ್ದರೆ ಅದಕ್ಕೆ ಮೊದಲು ಹೆಸರಿಡಿ. ಕೆಟ್ಟರೆ ಹೆಚ್ಚು ಹಾನಿಯಾಗುವುದು ಅದರಿಂದಲೇ. ಒಂದು ವಿಳಾಸವನ್ನು ಎಲ್ಲ ಮ್ಯಾಕ್ರೋಗಳಲ್ಲೂ ಬದಲಿಸಿ, ಡಿಬಗ್ ಮೆನುವಿನ ಕಂಪೈಲ್ ಒತ್ತಿ, ಒಂದು ಹಳೆಯ ಬಿಲ್‌ನ ಸಂಖ್ಯೆಗಳನ್ನು ಹಾಕಿ ಉತ್ತರ ಮೊದಲಿನಷ್ಟೇ ಬರುತ್ತದೆಯೇ ನೋಡಿ. ಬಂದರೆ ಮುಂದಿನ ವಿಳಾಸಕ್ಕೆ ಹೋಗಿ.

ಎಲ್ಲ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ಕಾಪಿ ಫೈಲ್‌ನಲ್ಲಿ ಪ್ರತಿ ಶೀಟ್‌ನ ಮೇಲೆ ಎರಡು ಖಾಲಿ ಸಾಲು, ಎಡಕ್ಕೆ ಒಂದು ಖಾಲಿ ಕಾಲಂ ಸೇರಿಸಿ ಮ್ಯಾಕ್ರೋ ಓಡಿಸಿ. ಉತ್ತರ ಬದಲಾದರೆ ಎಲ್ಲೋ ಒಂದು ವಿಳಾಸ ಇನ್ನೂ ಉಳಿದಿದೆ.